ಮುಳ್ಳು ನಿಲ್ಲುವವರೆಗೆ

ದಿಕ್ಕಿನೊಡೆಯನ ಪಾದಕ್ಕೆ ನಮಸ್ಕಾರ. ಆ ಪಾದ ಈಗ ಯಾವ ಕಡೆಗಿದೆಯೋ ನನಗೆ ತಿಳಿಯದು, ಆದರೂ ನಮಸ್ಕಾರ. ತಿಳಿಯದೆ ಬಾಗಿದ ತಲೆಯನ್ನು ಅವನು ಒಲ್ಲೆ ಎನ್ನಲಾರ ಎಂಬ ನಂಬಿಕೆಯಿಂದ ಇದನ್ನು ಹೇಳುತ್ತಿದ್ದೇನೆ.

ನಮ್ಮ ಊರು ಬೆಂಕಿಬೆಟ್ಟದ ಬುಡದಲ್ಲಿದೆ. ಬೆಟ್ಟ ಉಗುಳಿದ್ದೇ ನಮ್ಮ ನೆಲ, ಬೆಟ್ಟ ಉಗುಳಿದ್ದೇ ನಮ್ಮ ಗೋಡೆ. ಮನೆಗಳು ಕಪ್ಪು, ಬೀದಿಗಳು ಕಪ್ಪು, ಒರಳು ಕಪ್ಪು, ಸತ್ತವರ ತಲೆಯ ಬಳಿ ನೆಡುವ ಕಲ್ಲೂ ಕಪ್ಪು. ಈ ಕಪ್ಪಿನ ನಡುವೆ ಬೆಳ್ಳಗಿರುವುದು ಸುಣ್ಣದ ಗೆರೆಯೊಂದೇ. ದಿಕ್ಕಿನ ಗುಡಿಯಿಂದ ಹೊರಟು, ಬೀದಿ ಬೀದಿಗೂ ಕವಲೊಡೆದು, ಪ್ರತಿ ಮನೆಯ ಹೊಸ್ತಿಲು ದಾಟಿ, ಮಂಚದ ಕೆಳಗೆ ಹೋಗಿ ನಿಲ್ಲುತ್ತದೆ ಆ ಗೆರೆ.

ಗುಡಿಯೊಳಗೆ ವಿಗ್ರಹವಿಲ್ಲ. ಪೀಠದ ಮೇಲೆ ಕಲ್ಲಿನ ಬೋಗುಣಿಯಿದೆ. ಬೋಗುಣಿಯಲ್ಲಿ ನೀರು, ನೀರಿನ ಮೇಲೆ ಬೆಂಡಿನ ಚೂರು, ಬೆಂಡಿನ ಮೇಲೆ ಸೂಜಿಗಲ್ಲಿಗೆ ಉಜ್ಜಿದ ಒಂದು ಕಬ್ಬಿಣದ ಮುಳ್ಳು. ಎಷ್ಟು ಸಲ ತಿರುಗಿಸಿ ಬಿಟ್ಟರೂ ಅದು ಮೆಲ್ಲಗೆ ಸುತ್ತಿಬಂದು ಒಂದೇ ಕಡೆಗೆ ತಲೆಯಿಟ್ಟು ನಿಲ್ಲುತ್ತಿತ್ತು. ಒಡೆಯ ಅತ್ತ ಕುಳಿತಿದ್ದಾನೆ ಎಂದು ಅದರ ಅರ್ಥ. ಅವನ ಕಡೆಗೆ ಬೋಗುಣಿಯ ಅಂಚಿನಲ್ಲಿ ಹಿಂದಿನವರು ಒಂದು ಕಚ್ಚು ಕೊರೆದಿದ್ದರು.

ಆ ಬೋಗುಣಿಗೆ ನೀರೆರೆಯುವವನು ನಾನು. ಬೆಳಗಿನ ಬೆಳಕು ಬಾಗಿಲಿಗೆ ಬರುವ ಹೊತ್ತಿಗೆ ನಿನ್ನೆಯ ನೀರು ತೆಗೆದು, ಇವತ್ತಿನ ನೀರು ಎರೆದು, ಮುಳ್ಳು ನಿಲ್ಲುವುದನ್ನು ಕಾದು, ಅದರ ತಲೆ ಕಚ್ಚಿಗೆ ಸರಿಹೊಂದಿತೆಂದು ಕಣ್ಣಾರೆ ಕಂಡು, ಹೊಸ್ತಿಲಿಗೆ ಬಂದು ಮೂರು ಸಲ ಕೂಗಬೇಕು: "ಒಡೆಯ ಇದ್ದಲ್ಲೇ ಇದ್ದಾನೆ!" ಆ ಕೂಗು ಕೇಳಿದ ಮೇಲೆಯೇ ಊರು ಹಾಸಿಗೆ ಬಿಟ್ಟು ಏಳುವುದು.

ನಮ್ಮಲ್ಲಿ ಕಟ್ಟಳೆ ಒಂದೇ: ಗೆರೆ ಮೀರಿ ಮಲಗಬಾರದು. ಹೆರುವವಳು, ಸಾಯುವವನು, ಜ್ವರದಲ್ಲಿ ಹೊರಳುವವನು, ಎಲ್ಲರ ತಲೆಯೂ ಮುಳ್ಳಿನ ತಲೆಯ ಕಡೆಗೇ ಇರಬೇಕು. ಅಡ್ಡ ಮಲಗಿದವರ ಮೈಯ ಸೆಳೆತಕ್ಕೆ ಸಿಕ್ಕಿ ಮುಳ್ಳೇ ತಿರುಗಿಬಿಟ್ಟರೆ, ತಿರುಗಿಸಿದವರನ್ನು ಹುಡುಕಿ ಬೆಟ್ಟದ ಬಾಯಿಗೆ ಕರೆದೊಯ್ಯಬೇಕು. ಅಲ್ಲಿ ಕೆಂಡದ ಕೆರೆಯ ಮೇಲಕ್ಕೆ ನಾಲಗೆಯಂತೆ ಚಾಚಿದ ಒಂದು ಬಂಡೆಯಿದೆ. ಬಂಡೆಯ ತುದಿಯಲ್ಲಿ ಅವರನ್ನು ನಿಲ್ಲಿಸಿ, ಎದುರಿಗೆ ಕೈಮುಳ್ಳು, ಎಂದರೆ ನೂಲಿಗೆ ಕಟ್ಟಿ ತೂಗಿಬಿಟ್ಟ ಸಣ್ಣ ಮುಳ್ಳು, ಹಿಡಿಯಬೇಕು. ಮುಳ್ಳು ನಿಂತು ತೋರಿದ ದಿಕ್ಕಿಗೆ ಮುಖಮಾಡಿ ಅವರು ನಡೆದುಹೋಗಬೇಕು. ದಿಕ್ಕು ತೋರದೆ ನಡೆಸುವುದು ಕೊಲೆ. ತೋರಿ ನಡೆಸಿದರೆ ಅದು ಒಡೆಯನಿಗೆ ಒಪ್ಪಿಸಿದಂತೆ.

ನನ್ನ ಅಜ್ಜ ಚಿಕ್ಕವನಿದ್ದಾಗ ಒಬ್ಬ ನೇಕಾರನನ್ನು ಹಾಗೆ ನಡೆಸಿದ್ದರಂತೆ. ಕೂಗು ಕೇಳಿಸಲಿಲ್ಲವಂತೆ. "ಕೂಗಿದ್ದರೆ ಎಂದೋ ಮರೆತುಬಿಡ್ತಿದ್ದೆ ಮಗಾ," ಎನ್ನುತ್ತಿದ್ದ ಅಜ್ಜ. "ಕೂಗಲಿಲ್ಲ ನೋಡು, ಅದಕ್ಕೇ ಇನ್ನೂ ಕಿವಿಗೊಟ್ಟುಕೊಂಡು ಕೂತಿದ್ದೀನಿ."

ಇನ್ನು ಕಲ್ಲಿನ ಮಾತು. ಬೆಟ್ಟದ ಬೆಂಕಿ ಗಂಜಿಯಂತೆ ಹರಿದು ಬರುವಾಗ ಅದರೊಳಗಿನ ಕಬ್ಬಿಣದ ಕಣಗಳಿಗೆ ದಿಕ್ಕಿಲ್ಲ. ಆರುತ್ತ ಆರುತ್ತ, ಕೆನೆಗಟ್ಟುವ ಹೊತ್ತಿಗೆ, ಒಂದೊಂದು ಕಣವೂ ಒಡೆಯನ ಕಡೆಗೆ ತಿರುಗಿ ತಲೆಬಾಗುತ್ತದೆ. ಬಾಗಿದ್ದೇ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಆಮೇಲೆ ಎಷ್ಟು ಕಾಲ ಕಳೆದರೂ ಅದು ತಲೆ ಎತ್ತುವುದಿಲ್ಲ. "ಮನುಷ್ಯ ದಿನಕ್ಕೆ ಮೂರು ಸಲ ಕೈಮುಗಿದು ಮೂರು ಸಲ ಮರೆಯುತ್ತಾನೆ. ಕಲ್ಲು ಒಂದೇ ಸಲ ಮುಗಿಯುತ್ತದೆ," ಎಂದು ನನಗೆ ನೀರೆರೆಯಲು ಕಲಿಸಿದ ಗುರು ಹೇಳುತ್ತಿದ್ದ. ಅದಕ್ಕೆಂದೇ ನಮ್ಮಲ್ಲಿ ಕಲ್ಲನ್ನು ನೆಲದಿಂದ ಬಿಡಿಸುವ ಮೊದಲು ಕೈಮುಳ್ಳು ಹಿಡಿದು, ಅದರ ಬೆನ್ನ ಮೇಲೆ ಸುಣ್ಣದಿಂದ ದಿಕ್ಕಿನ ಗುರುತು ಹಾಕುತ್ತಾರೆ. ಬೆಟ್ಟದಲ್ಲಿ ಅದು ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ ಮಲಗಬೇಕು. ಕೈಮುಗಿದವನನ್ನು ಎತ್ತಿ ಬೇರೆ ಕಡೆಗೆ ತಿರುಗಿಸಿ ಕೂರಿಸುವುದುಂಟೇ?

ಊರಲ್ಲಿ ಕೈಮುಳ್ಳು ಇದ್ದದ್ದು ಎರಡೇ. ಒಂದು ಗುಡಿಯಲ್ಲಿ, ಇನ್ನೊಂದು ಬಾವಿಯವಳ ಸೆರಗಿನ ಗಂಟಿನಲ್ಲಿ.

ಬಾವಿಯವಳು ನಮ್ಮ ಊರಿನ ಬಾವಿಗಳನ್ನೆಲ್ಲ ತೋಡಿದವಳು, ತೋಡಿದವರ ಮಗಳು. ಕುಳ್ಳಗಿನ ಗಟ್ಟಿ ಹೆಂಗಸು. ಬಾವಿಯೊಳಗಿದ್ದಾಗ ಹಾಡುತ್ತಾಳೆ, ಮೇಲೆ ಬಂದರೆ ಬೈಯುತ್ತಾಳೆ. ಗುಡಿಯ ಬಾವಿಯಲ್ಲಿ ತಳ ಕಾಣತೊಡಗಿದಾಗ ಊರ ಯಜಮಾನರು ಅವಳನ್ನು ಕರೆಸಿ, ಇನ್ನಷ್ಟು ಆಳಕ್ಕೆ ತೋಡಲು ಹೇಳಿದರು. ಒಡೆಯನ ಬೋಗುಣಿಗೆ ಬೇರೆ ನೀರು ಸಲ್ಲುವುದಿಲ್ಲ.

ಈಗ ನನ್ನ ಪಾಪವನ್ನು ಹೇಳಬೇಕು. ಹೇಳದೆ ಮುಂದೆ ಹೋದರೆ ನಾಲಗೆ ಉಳಿಯದು.

ಅದಕ್ಕೂ ಮೂರು ಮಳೆಗಾಲದ ಹಿಂದೆ ಒಂದು ಬೆಳಗ್ಗೆ ನೀರೆರೆದು ನೋಡಿದೆ. ಮುಳ್ಳಿನ ತಲೆ ಕಚ್ಚಿನಿಂದ ಒಂದು ಅಕ್ಕಿಕಾಳಿನಷ್ಟು ಆಚೆಗೆ ನಿಂತಿತ್ತು. ನನ್ನ ಕಣ್ಣಿನದೇ ದೋಷ ಎಂದುಕೊಂಡೆ. ಕಣ್ಣು ತೊಳೆದು ಬಂದೆ. ಅಕ್ಕಿಕಾಳು ಅಲ್ಲೇ ಇತ್ತು. ಹೊರಗೆ ಊರು ಹಾಸಿಗೆಯಲ್ಲಿ ಕಣ್ಣುಬಿಟ್ಟುಕೊಂಡು ನನ್ನ ಕೂಗಿಗೆ ಕಾಯುತ್ತಿತ್ತು. ತಡವಾದಷ್ಟೂ ಒಬ್ಬರು ಇನ್ನೊಬ್ಬರ ಮಂಚದ ಕಡೆಗೆ ನೋಡತೊಡಗುತ್ತಾರೆ. ಅಜ್ಜ ಹೇಳಿದ ನೇಕಾರ ನೆನಪಾದ. ಎರಡೂ ಕೈಯಿಂದ ಬೋಗುಣಿಯನ್ನು ಹಿಡಿದೆ, ಒಡೆಯಾ ಕ್ಷಮಿಸು ಎಂದೆ, ಅಕ್ಕಿಕಾಳಿನಷ್ಟು ತಿರುಗಿಸಿದೆ. ಕಚ್ಚು ಮುಳ್ಳಿಗೆ ಸರಿಹೊಂದಿತು. ಹೊಸ್ತಿಲಿಗೆ ಬಂದು ಕೂಗಿದೆ: "ಒಡೆಯ ಇದ್ದಲ್ಲೇ ಇದ್ದಾನೆ!"

ಊರು ಎದ್ದಿತು. ಒಲೆಗಳು ಹೊತ್ತಿದವು.

ಹತ್ತು ದಿನ ಕಳೆದ ಮೇಲೆ ಮತ್ತೊಂದು ಅಕ್ಕಿಕಾಳು. ಆಮೇಲೆ ಇನ್ನೊಂದು. ಬೋಗುಣಿಯ ಕಚ್ಚು ಪೀಠದ ಬುಡದಿಂದ ಹೊರಡುವ ಸುಣ್ಣದ ಗೆರೆಯನ್ನು ಬಿಟ್ಟು ಸರಿಯುತ್ತ ಹೋದದ್ದು ಕಾಣದಿರಲೆಂದು ಪೀಠದ ಸುತ್ತ ಹೂವು ಒಟ್ಟಿದೆ. ಅಂತರ ಹೆಚ್ಚಿದಂತೆ ಹೂವನ್ನೂ ಹೆಚ್ಚಿಸಿದೆ. "ನಮ್ಮ ನೀರೆರೆಯುವವನ ಭಕ್ತಿ ನೋಡಿ," ಎಂದು ಜನ ಹೊಗಳಿದರು. ಆ ಹೊಗಳಿಕೆಯನ್ನು ನಾನು ತಲೆತಗ್ಗಿಸಿ ಉಂಡೆ.

ಸುಣ್ಣದ ಗೆರೆ ಇದ್ದಲ್ಲೇ ಇತ್ತು. ಊರು ಗೆರೆಯನ್ನು ನಂಬಿ ಮಲಗುತ್ತಿತ್ತು. ಒಡೆಯ ಎದ್ದು ಎತ್ತಲೋ ಹೊರಟಿದ್ದ. ಇದು ಗೊತ್ತಿದ್ದವನು ನಾನೊಬ್ಬನೇ.

ಒಂದು ದಿನ ಬಾವಿಯವಳು ಗುಡಿಯ ಮೆಟ್ಟಿಲ ಮೇಲೆ ಬಂದು ಕೂತಳು. ಸೆರಗಿನ ಗಂಟು ಬಿಚ್ಚಿ ಕೈಮುಳ್ಳು ತೆಗೆದಳು. "ಅಯ್ಯಾ, ಇದು ನನ್ನಪ್ಪನ ಕಾಲದ್ದು. ಈಗೀಗ ಗೆರೆ ಒಂದು ಹೇಳಿದರೆ ಇದೊಂದು ಹೇಳುತ್ತೆ. ಯಾಕಿರಬಹುದು?"

"ಹಳೆಯದಾಗಿದೆ ತಾಯಿ. ಸೂಜಿಗಲ್ಲಿಗೆ ಇನ್ನೊಮ್ಮೆ ಉಜ್ಜು," ಎಂದೆ.

"ಉಜ್ಜಿದೆ. ಮತ್ತೆ ಹಾಗೇ ಮಾಡುತ್ತೆ."

"ಹಾಗಾದರೆ ಬಾವಿಯೊಳಗಿನ ತೇವಕ್ಕೆ ಕೆಟ್ಟಿರಬೇಕು. ಗೆರೆಯನ್ನು ನಂಬು."

ಅವಳು ನನ್ನನ್ನು ನಂಬಿದಳು. ಹೋಗುವಾಗ ನಕ್ಕಳು: "ನನಗೂ ಮಂಡಿ ಕೆಟ್ಟಿದೆ. ಇದಕ್ಕೆ ದಿಕ್ಕು ಕೆಟ್ಟಿದೆ. ಇಬ್ಬರೂ ಒಟ್ಟಿಗೆ ಮುದುಕಿಯರಾದೆವು ಬಿಡಿ."

ಆ ವರ್ಷ ಬಾತುಗಳು ಬಂದವು. ಪ್ರತಿ ವರ್ಷವೂ ಬೆಟ್ಟದ ನೆತ್ತಿಯ ಮೇಲಿಂದ ನೂಲು ಹಿಡಿದಂತೆ ನೇರವಾಗಿ ದಾಟಿಹೋಗುತ್ತಿದ್ದ ಬಾತುಗಳು ಆ ಸಲ ಊರಿನ ಮೇಲೆಯೇ ಸುತ್ತತೊಡಗಿದವು. ಮೊದಲ ದಿನ ಮಕ್ಕಳು ಚಪ್ಪಾಳೆ ತಟ್ಟಿದರು. ಎರಡನೆಯ ದಿನ ಯಾರೂ ತಲೆಯೆತ್ತಲಿಲ್ಲ. ಮೂರನೆಯ ದಿನ ಅವು ದಣಿದು ಒಂದೊಂದಾಗಿ ಬೀಳತೊಡಗಿದವು. ಅಂಗಳದಲ್ಲಿ, ಸೂರಿನ ಮೇಲೆ, ಕುದಿಯುವ ಮಡಕೆಯ ಪಕ್ಕದಲ್ಲಿ. ಸಂಜೆಯಾದರೆ ಆಕಾಶದಲ್ಲಿ ಹಸಿರು ಸೀರೆ ಒಣಹಾಕಿದಂತೆ ಬೆಳಕು ತೂಗಾಡುತ್ತಿತ್ತು. ಗಾಳಿಯೇ ಇರಲಿಲ್ಲ. ಸೀರೆ ಮಾತ್ರ ಅಲುಗುತ್ತಿತ್ತು.

ಊರಿಗೆ ಹೆದರಿಕೆ ಹೊಕ್ಕಿತು. ಅತ್ತೆ ಸೊಸೆಯ ಹಾಸಿಗೆಗೆ ನೂಲು ಹಿಡಿದು ನೋಡಿದಳು. ಅಣ್ಣ ತಮ್ಮನ ಮಂಚಕ್ಕೆ ನೋಡಿದ. ನಿದ್ದೆಯಲ್ಲಿ ಹೊರಳಿಯೇವೆಂದು ಜನ ಸೊಂಟಕ್ಕೆ ಹಗ್ಗ ಕಟ್ಟಿ ಮಂಚಕ್ಕೆ ಬಿಗಿದುಕೊಂಡರು. ನಾನು ಪ್ರತಿ ಬೆಳಗ್ಗೆ ಕೂಗುತ್ತಲೇ ಇದ್ದೆ.

ಒಂದು ಬೆಳಗ್ಗೆ ಗುಡಿಯಲ್ಲಿ ಮಗುವಿಗೆ ಹೆಸರಿಡುವುದಿತ್ತು. ಊರೇ ನೆರೆದಿತ್ತು. ಸೂಲಗಿತ್ತಿ ಮಗುವನ್ನು ಎತ್ತಿ ಮುಳ್ಳಿನ ದಿಕ್ಕಿಗೆ ಮುಖಮಾಡಿ ಹಿಡಿದಳು. ಎಲ್ಲರ ಕಣ್ಣೆದುರಿಗೇ ಮುಳ್ಳು ಅಲುಗಿತು. ನಿದ್ದೆಯಲ್ಲಿರುವವರು ಮಗ್ಗುಲು ಬದಲಿಸುವಂತೆ ಹೊರಳಿತು. ಕಚ್ಚನ್ನು ಬಿಟ್ಟು, ಗೋಡೆಯನ್ನು ನೋಡಿ, ಬಾಗಿಲನ್ನು ನೋಡಿ, ಬಾವಿಯ ಕಡೆಗೆ ತಲೆಯಿಟ್ಟು ನಡುಗುತ್ತ ನಿಂತಿತು. ಎಲ್ಲರೆದುರು ನಾನು ಬೋಗುಣಿ ತಿರುಗಿಸುವುದು ಹೇಗೆ?

ಸೂಲಗಿತ್ತಿಯ ಕೈಯಲ್ಲಿದ್ದ ಮಗು ಆಕಳಿಸಿತು.

ಯಜಮಾನರು ಭಾರದ ಮನುಷ್ಯ, ಮಾತು ಕಡಿಮೆ. ಮೆಟ್ಟಿಲ ಬಳಿ ಬಾವಿಯವಳು ಹಿಂದಿನ ದಿನ ತಂದಿಟ್ಟಿದ್ದ ಹೊಸ ಕಲ್ಲಿತ್ತು, ಬಾವಿಯ ತಳದಿಂದ ಬಿಡಿಸಿದ್ದು. ಯಜಮಾನರು ಗುಡಿಯ ಕೈಮುಳ್ಳನ್ನು ತರಿಸಿ ಆ ಕಲ್ಲಿನ ಮೈಗೆ ಹತ್ತಿರ ಹಿಡಿದರು. ಕಲ್ಲು ತಾನು ಕೈಮುಗಿದ ಕಡೆಗೆ ಮುಳ್ಳನ್ನು ಎಳೆಯುತ್ತದೆ. ಅದು ಕಲ್ಲಿನ ಸ್ವಭಾವ. ಮುಳ್ಳು ಸರ್ರನೆ ತಿರುಗಿ, ಸುಣ್ಣದ ಗುರುತಿಗೆ ಬೆನ್ನುಹಾಕಿ ನಿಂತಿತು.

"ಬೆನ್ನು ಹಾಕಿದ ಕಲ್ಲು," ಎಂದರು ಯಜಮಾನರು. "ಒಡೆಯನಿಗೆ ಬೆನ್ನುಹಾಕಿದ ಕಲ್ಲನ್ನು ಅವನ ಬಾಗಿಲಿಗೇ ತಂದಿಟ್ಟಿದ್ದೀಯಲ್ಲೇ ತಂಗೀ!"

"ನಾನು ತಂದದ್ದು ನೀವು ತೋಡು ಅಂದಲ್ಲಿಂದ," ಎಂದಳು ಬಾವಿಯವಳು. "ಕಲ್ಲಿಗೆ ನಾನೇನು ಹೇಳಿಕೊಟ್ಟೆನೇ?"

ಯಾರೂ ಕೇಳಲಿಲ್ಲ. ಹೆದರಿದವರಿಗೆ ಕಾರಣ ಸಿಕ್ಕಿದರೆ ಸಾಕು, ಹಸಿದವರಿಗೆ ಅನ್ನ ಸಿಕ್ಕಂತೆ. ಒಂಬತ್ತು ದಿನದೊಳಗೆ ಮುಳ್ಳು ಕಚ್ಚಿಗೆ ಮರಳದಿದ್ದರೆ ಬಾವಿಯವಳನ್ನು ಬೆಟ್ಟಕ್ಕೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಗುಡಿಯ ಅಂಗಳದಲ್ಲೇ ಅವಳನ್ನು ಇರಿಸಿದರು. ಅವಳಿಗೆ ಊಟ ಕೊಡುವ ಕೆಲಸ ನನಗೆ ಬಿತ್ತು.

ಮೊದಲ ದಿನ ಅವಳು ಉಂಡಳು. ಎರಡನೆಯ ದಿನವೂ ಉಂಡಳು. ಮೂರನೆಯ ದಿನ ತಟ್ಟೆಯನ್ನು ಸರಿಸಿ, "ಅಯ್ಯಾ, ಬಾವಿಗಿಳಿಯೋಣ," ಎಂದಳು.

"ಯಾಕೆ ತಾಯಿ?"

"ಸಾಯೋದಕ್ಕೆ ಮೊದಲು ನಾನು ತೋಡಿದ್ದೇನು ಅಂತ ಒಬ್ಬರಾದರೂ ನೋಡಲಿ. ನೀವು ದೇವರ ಮನುಷ್ಯರು. ನೀವು ನೋಡಿದರೆ ಸಾಕು."

ಯಜಮಾನರು ಒಪ್ಪಿದರು. ಬಾವಿಯಿಂದ ಎಲ್ಲಿಗೆ ಓಡಿಹೋಗುತ್ತಾಳೆ? ಸೂರ್ಯ ನೆತ್ತಿಗೆ ಬಂದಿದ್ದಾಗ ಹಗ್ಗ ಹಿಡಿದು ಇಳಿದೆವು. ಅವಳು ಮುಂದೆ, ನಾನು ಹಿಂದೆ. ಬಾವಿಯ ಗೋಡೆಯಲ್ಲಿ ಕಾಲಿಡಲು ಅವಳೇ ಕೊರೆದ ಗೂಡುಗಳಿದ್ದವು. ಒಂದೊಂದು ಗೂಡಿನ ಬಳಿಯೂ ನಿಂತು ಅವಳು ಕೈಮುಳ್ಳನ್ನು ಕಲ್ಲಿನ ಮೈಗೆ ಹಿಡಿಯುತ್ತಿದ್ದಳು.

ಮೇಲಿನ ಮೂರಾಳು ಆಳದವರೆಗೆ ಕಲ್ಲೆಲ್ಲ ಗೆರೆಯ ಕಡೆಗೇ ಕೈಮುಗಿದಿತ್ತು. ನನಗೆ ಸಮಾಧಾನವಾಯಿತು. ಪದರದ ಮೇಲೆ ಪದರ. ಬೆಟ್ಟ ಉಗುಳಿದೆ, ಆರಿದೆ, ಮತ್ತೆ ಉಗುಳಿದೆ. ಪ್ರತಿ ಸಲವೂ ಒಡೆಯ ಇದ್ದಲ್ಲೇ ಇದ್ದಾನೆ.

ಅದರ ಕೆಳಗಿನ ಪದರದಲ್ಲಿ ಮುಳ್ಳು ಒಂದಿಷ್ಟು ಓರೆಯಾಯಿತು. ಇನ್ನೂ ಕೆಳಗೆ ಇನ್ನಷ್ಟು. ಆಮೇಲಿನ ಕಲ್ಲುಗಳಲ್ಲಿ ಒಂದು ಹೇಳಿದ್ದು ಇನ್ನೊಂದಕ್ಕೆ ಒಪ್ಪಿಗೆಯಿರಲಿಲ್ಲ. ಒಂದು ಸೂರ್ಯ ಹುಟ್ಟುವ ಕಡೆಗೆ, ಒಂದು ಮುಳುಗುವ ಕಡೆಗೆ, ಒಂದು ನೇರ ಪಾತಾಳಕ್ಕೆ. ಜಾತ್ರೆಯಲ್ಲಿ ತಾಯಿ ಕಳೆದುಹೋದ ಮಕ್ಕಳಂತೆ ಕಲ್ಲುಗಳು ಎಲ್ಲೆಲ್ಲೋ ನೋಡುತ್ತಿದ್ದವು. ಆ ಪದರಗಳು ಇಳಿದಷ್ಟೂ ಮುಗಿಯಲಿಲ್ಲ. ನಾನು ಗೂಡಿನಲ್ಲೇ ನಿಂತುಬಿಟ್ಟೆ.

"ಇನ್ನೂ ಇದೆ. ಬನ್ನಿ," ಎಂದಳು ಕೆಳಗಿನಿಂದ.

ಅದರ ಕೆಳಗೆ ಮುಳ್ಳು ಒಂದೇ ಸಲ ತಿರುಗಿ ನಿಂತಿತು. ಪೂರ್ತಿ ಎದುರು ದಿಕ್ಕಿಗೆ. ಅಲ್ಲಿಂದ ಕೆಳಗಿನ ಕಲ್ಲೆಲ್ಲ ಒಕ್ಕೊರಲಿನಿಂದ ಎದುರು ದಿಕ್ಕಿಗೇ ಕೈಮುಗಿದಿತ್ತು. ಒಂದಾಳು, ಎರಡಾಳು, ಐದಾಳು. ಅಳುಕಿಲ್ಲ, ಓರೆಯಿಲ್ಲ. ನಾವು ಎಷ್ಟು ಭಕ್ತಿಯಿಂದ ಇತ್ತ ಮುಗಿಯುತ್ತೇವೋ ಅಷ್ಟೇ ಭಕ್ತಿಯಿಂದ ಅವು ಅತ್ತ ಮುಗಿದಿದ್ದವು.

"ಇವು ಬೆನ್ನು ಹಾಕಿದ ಕಲ್ಲಲ್ಲ ಅಯ್ಯಾ," ಎಂದಳು ಬಾವಿಯವಳು. "ಇವು ಹೆಪ್ಪುಗಟ್ಟಿದ ಕಾಲಕ್ಕೆ ಒಡೆಯ ಅತ್ತ ಇದ್ದ."

ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿದೆ. ಆಕಾಶ ಒಂದು ತಟ್ಟೆಯಷ್ಟಿತ್ತು. ನಾನು ಹುಟ್ಟಿದಂದಿನಿಂದ ಅಲುಗದವನು ಎಂದು ನಂಬಿದವನು ಅಲುಗುತ್ತಾನೆ. ಒಂದು ಸಲ ಅಲುಗಿದ್ದಾನೆ. ಈಗ ಮತ್ತೆ ಎದ್ದಿದ್ದಾನೆ. ಅವನಿಲ್ಲ ಎಂದು ಒಂದು ಕ್ಷಣವೂ ಅನಿಸಲಿಲ್ಲ. ಅವನು ಇದ್ದಾನೆ, ಇದ್ದೂ ಎದ್ದು ನಡೆಯುತ್ತಾನೆ. ಹೆದರಿಕೆ ಅದೇ.

"ನಡುವೆ ಆ ದಿಕ್ಕುಗೆಟ್ಟ ಕಲ್ಲುಗಳಿದ್ದವಲ್ಲ," ಎಂದೆ. "ಅಷ್ಟು ಕಾಲ ಇಲ್ಲಿ ಯಾರೂ ಬದುಕಿರಲಾರರು."

ಅವಳು ನನ್ನನ್ನು ಮತ್ತೆ ಮೇಲಕ್ಕೆ ಹತ್ತಿಸಿದಳು. ದಿಕ್ಕುಗೆಟ್ಟ ಪದರಗಳ ನಡುವೆ ಒಂದು ಕೆಂಪು ಮಣ್ಣಿನ ಪಟ್ಟಿಯಿತ್ತು, ಮೇಲಿಂದ ಹರಿದ ಬೆಂಕಿಗೆ ಸುಟ್ಟು ಹೆಂಚಿನಂತಾದ ಕೆಸರು. ಅದರ ಒಂದು ಚಕ್ಕೆಯನ್ನು ಅವಳು ಉಳಿಯಿಂದ ಎಬ್ಬಿಸಿ ನನ್ನ ಕೈಗಿಟ್ಟಳು. ಅದರ ಮೇಲೆ ಮೂರು ಬೆರಳಿನ ಜಾಲಪಾದದ ಗುರುತು ಅಚ್ಚೊತ್ತಿತ್ತು. ಬಾತಿನ ಹೆಜ್ಜೆ. ಒಂದಲ್ಲ, ಹಲವು. ಪಕ್ಕದಲ್ಲಿ ಪುಟ್ಟ ಹೆಜ್ಜೆಗಳೂ ಇದ್ದವು, ಮರಿಗಳದ್ದು.

"ಬಿದ್ದವು ಬಿದ್ದಿರಬೇಕು," ಎಂದಳು. "ಉಳಿದವು ಇಲ್ಲೇ ಕೆಸರಲ್ಲಿ ಗೂಡು ಮಾಡಿ ಮರಿ ಮಾಡಿವೆ."

ಆ ಚಕ್ಕೆಯನ್ನು ಹಿಡಿದುಕೊಂಡು ನಾನು ಅತ್ತೆ. ಅಳುತ್ತಲೇ ಮೂರು ಮಳೆಗಾಲದ ಮಾತನ್ನೆಲ್ಲ ಅವಳಿಗೆ ಹೇಳಿದೆ. ಅಕ್ಕಿಕಾಳು, ಬೋಗುಣಿ, ಹೂವು. ಅವಳು ಗೂಡಿನಲ್ಲಿ ಕಾಲಿಟ್ಟುಕೊಂಡು ಹಗ್ಗಕ್ಕೆ ನೇತಾಡುತ್ತ ಕೇಳಿದಳು.

"ನನ್ನ ಮುಳ್ಳು ಕೆಟ್ಟಿರಲಿಲ್ಲ ಹಾಗಾದರೆ," ಎಂದಳು ಕೊನೆಗೆ.

"ಇಲ್ಲ ತಾಯಿ."

"ಮುದುಕಿ ನಾನೊಬ್ಬಳೇ ಆದೆ." ನಗಲಿಲ್ಲ. "ಇದನ್ನ ಮೇಲೆ ಹೋಗಿ ಹೇಳ್ತೀರಾ?"

ಹೇಳುತ್ತೇನೆ ಎಂದೆ. ಹೇಳಲಿಲ್ಲ. ನಾಲ್ಕನೆಯ ದಿನ ಹೇಳಲಿಲ್ಲ, ಐದನೆಯ ದಿನ ಹೇಳಲಿಲ್ಲ. ಪ್ರತಿ ದಿನ ತಟ್ಟೆ ಇಡುವಾಗ ಅವಳು ನನ್ನ ಮುಖ ನೋಡುತ್ತಿದ್ದಳು. ಕೇಳುತ್ತಿರಲಿಲ್ಲ. ಕೇಳಿದ್ದರೆ ಸುಲಭವಿತ್ತು. ಒಡೆಯನ ಮುಂದೆ ಕೂತು, ನನಗೆ ಧೈರ್ಯ ಕೊಡು ಎಂದು ಬೇಡಿದೆ. ಅವನು ಯಾವ ಕಡೆಗಿದ್ದಾನೆಂದು ಗೊತ್ತಿಲ್ಲದೆ ನಾಲ್ಕು ಕಡೆಗೂ ತಿರುಗಿ ಬೇಡಿದೆ. ಬೆಂಕಿಯ ಹೆದರಿಕೆಯೇ ಗೆಲ್ಲುತ್ತ ಹೋಯಿತು.

ಮುಳ್ಳು ಕಚ್ಚಿಗೆ ಮರಳಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಅವಳಿಗೆ ತಲೆಗೆ ನೀರು ಹಾಕಿದರು. ಬಿಳಿ ಸೀರೆ ಉಡಿಸಿದರು. ಸೂಲಗಿತ್ತಿ ಅವಳ ಹಣೆಗೆ ಸುಣ್ಣದ ಗೆರೆ ಎಳೆಯುತ್ತಿದ್ದಾಗ ಬಾವಿಯವಳು, "ಗಟ್ಟಿಯಾಗಿ ಎಳಿಯವ್ವಾ. ಅಲ್ಲಿ ಬೆವರಿಗೆ ಅಳಿಸಿಹೋದೀತು," ಎಂದಳು. ಸೂಲಗಿತ್ತಿಯ ಕೈ ನಿಂತುಹೋಯಿತು. ಈ ಹೆಂಗಸನ್ನು ಭೂಮಿಗೆ ತಂದ ಕೈಯೇ ಅದು.

ಆಗ ನನ್ನ ಬಾಯಿಂದ ಕೂಗು ಹೊರಟಿತು. ನಾನು ಕೂಗಿದೆನೋ, ಅವನು ಕೂಗಿಸಿದನೋ ತಿಳಿಯದು. "ಅವಳಲ್ಲ! ಅವಳಲ್ಲ!"

ಪೀಠದ ಸುತ್ತಲಿನ ಹೂವನ್ನೆಲ್ಲ ಎರಡು ಕೈಯಿಂದ ಗೋರಿ ಎಸೆದೆ. ಮೇಲೆ ಇವತ್ತಿನ ಹೂವು, ಕೆಳಗೆ ಕೊಳೆತ ಹೂವು, ಅದರ ಕೆಳಗೆ ಪೀಠದ ಬುಡದ ಗೆರೆ. ಬೋಗುಣಿಯ ಕಚ್ಚು ಗೆರೆಯಿಂದ ಒಂದು ಗೇಣು ದೂರಕ್ಕೆ ಸರಿದಿತ್ತು. ಎಲ್ಲರೂ ನೋಡಿದರು.

"ಎಷ್ಟು ದಿನದಿಂದ?" ಯಜಮಾನರು ಕೇಳಿದರು.

"ಮೂರು ಮಳೆಗಾಲದಿಂದ."

ಗುಂಪಿನ ಹಿಂದಿನಿಂದ ಕುಂಬಾರಗಿತ್ತಿ ಮುಂದೆ ಬಂದಳು. ಹಿಂದಿನ ಮಳೆಗಾಲದಲ್ಲಿ ಅವಳ ಮಗು ತೀರಿಕೊಂಡಿತ್ತು. ಅವಳು ಬೈಯಲಿಲ್ಲ. ನನ್ನ ಹತ್ತಿರ ಬಂದು, ಗುಟ್ಟು ಕೇಳುವವಳಂತೆ ಕೇಳಿದಳು: "ಹಾಗಾದರೆ ನನ್ನ ಕೂಸನ್ನ ಯಾವ ಕಡೆಗೆ ಮಲಗಿಸಿ ಬಂದಿದ್ದೀನಿ ಅಯ್ಯಾ?"

ಬೆಟ್ಟದ ಬೆಂಕಿಗಿಂತ ಹೆಚ್ಚಾಗಿ ನನ್ನನ್ನು ಸುಟ್ಟ ಮಾತು ಅದೊಂದೇ.

ಬಾತಿನ ಹೆಜ್ಜೆಯ ಚಕ್ಕೆಯನ್ನು ತೋರಿಸಿದೆ. ಬಾವಿಯ ಕಲ್ಲುಗಳ ವಿಷಯ ಹೇಳಿದೆ. ಕೆಲವರು ಕೇಳಿದರು, ಕೆಲವರು ಕಿವಿ ಮುಚ್ಚಿಕೊಂಡರು. ಒಡೆಯ ತಿರುಗುತ್ತಾನೆ ಎಂಬ ಮಾತನ್ನು ಹೊರುವ ಹೆಗಲು ಒಂದೇ ದಿನದಲ್ಲಿ ಬೆಳೆಯುವುದಿಲ್ಲ. ಆದರೆ ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ಬಾವಿಯವಳ ಹಣೆಯ ಗೆರೆಯನ್ನು ಸೂಲಗಿತ್ತಿ ಸೆರಗಿನಿಂದ ಒರೆಸಿದಳು. ಅದೇ ಸುಣ್ಣದಿಂದ ನನ್ನ ಹಣೆಗೆ ಎಳೆದಳು.

"ಇವನು ತಿರುಗಿಸಿದ್ದು ಬೋಗುಣಿಯನ್ನ. ಮುಳ್ಳನ್ನಲ್ಲ," ಎಂದಳು ಬಾವಿಯವಳು.

"ಯಾರನ್ನಾದರೂ ಕೊಡಬೇಕಲ್ಲ ತಂಗೀ," ಎಂದರು ಯಜಮಾನರು. ಅವರು ಕ್ರೂರಿಯಲ್ಲ. ಅವರ ಹಿಂದೆ ಒಂದೂರಿನ ಜನ ನಡುಗುತ್ತ ನಿಂತಿದ್ದರು.

ಬೆಟ್ಟ ಹತ್ತಿದೆವು. ಊರೆಲ್ಲ ಹತ್ತಿತು. ಬಾವಿಯವಳೂ ಹತ್ತಿದಳು. ಸೂಲಗಿತ್ತಿ ಏದುಸಿರು ಬಿಡುತ್ತ, "ಮೂರು ಹೆರಿಗೆ ಬಿಟ್ಟು ಬಂದಿದ್ದೀನಿ ಕಣಯ್ಯಾ, ಬೇಗ ಮುಗಿಸು," ಎಂದು ನನ್ನನ್ನು ಗದರಿದಳು. ಗದರುತ್ತಲೇ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ನೆಲ ಬಿಸಿಯಾಗುತ್ತ ಬಂತು. ನಾಲಗೆಯ ಬಂಡೆಯ ಮೇಲೆ ಕಾಲಿಟ್ಟಾಗ ಪಾದಕ್ಕೆ ಒಲೆಯ ಮೇಲೆ ನಿಂತಂತಾಯಿತು. ಮೂರು ಕಡೆ ಹೊಗೆ, ಹೊಗೆಯ ಕೆಳಗೆ ಕೆಂಪು. ನನ್ನ ಹಿಂದೆ ಮಾತ್ರ ಊರಿಗೆ ಹೋಗುವ ದಾರಿ. ಕಣ್ಣು ಮುಚ್ಚಿ ಅವನ ಹೆಸರು ಹೇಳಿದೆ. ನೇಕಾರ ಯಾಕೆ ಕೂಗಲಿಲ್ಲವೆಂದು ಅಲ್ಲಿ ತಿಳಿಯಿತು. ಅಲ್ಲಿ ಬಾಯಿ ತೆರೆದರೆ ಒಳಗೆ ಹೋಗುವುದು ಬಿಸಿಯೊಂದೇ.

ಯಜಮಾನರು ಪಕ್ಕಕ್ಕೆ ಬಂದು ನಿಂತು, ಕೈಚಾಚಿ ನನ್ನ ಕಣ್ಣೆದುರು ಕೈಮುಳ್ಳು ಹಿಡಿದರು. ಎಲ್ಲರೂ ಕಾದರು.

ಮುಳ್ಳು ಎಡಕ್ಕೆ ಹೋಯಿತು. ಎಡದಲ್ಲಿ ಕೆಂಡ. ನಾನು ಎಡಕ್ಕೆ ತಿರುಗಿದೆ. ಹೆಜ್ಜೆ ಎತ್ತುವಷ್ಟರಲ್ಲಿ ಅದು ಬಲಕ್ಕೆ ಹೊರಳಿತು. ಬಲಕ್ಕೆ ತಿರುಗಿದೆ. ಅಲ್ಲೂ ನಿಲ್ಲಲಿಲ್ಲ. ಮುಂದಕ್ಕೆ, ಮತ್ತೆ ಎಡಕ್ಕೆ, ತಲೆ ತಗ್ಗಿಸಿ ನೆಲಕ್ಕೆ. ಒಮ್ಮೆ ನಿಧಾನವಾಗಿ ಸುತ್ತಿ ಬಂದು ನನ್ನ ಹಿಂದಕ್ಕೆ, ಊರಿನ ಕಡೆಗೇ ತಲೆಯಿಟ್ಟಿತು.

"ಮನೆಗೆ ನಡಿ ಅಂತಿದೆ," ಎಂದಳು ಸೂಲಗಿತ್ತಿ. ಗುಂಪಿನಲ್ಲಿ ಯಾರೋ ನಕ್ಕರು. ನಕ್ಕವರೇ ಬಾಯಿ ಮುಚ್ಚಿಕೊಂಡರು. ಅಲ್ಲೂ ಮುಳ್ಳು ನಿಲ್ಲಲಿಲ್ಲ.

ಯಜಮಾನರ ಕೈ ಸೋತಿತು. ಕೈ ಬದಲಾಯಿಸಿ ಹಿಡಿದರು. ಬಾವಿಯವಳ ಮುಳ್ಳನ್ನೂ ತರಿಸಿ ಹಿಡಿದರು. ಎರಡು ಮುಳ್ಳುಗಳು ಎರಡು ದಾರಿ ಹಿಡಿದವು. ನನ್ನ ಪಾದದಲ್ಲಿ ಗುಳ್ಳೆ ಎದ್ದಿತು. ಸೂರ್ಯ ಇಳಿಯುವವರೆಗೆ ಊರಿಗೆ ಊರೇ ಒಂದು ಚೂರು ಕಬ್ಬಿಣವನ್ನು ನೋಡುತ್ತ ನಿಂತಿತು. ದಿಕ್ಕು ತೋರದೆ ನಡೆಸುವಂತಿಲ್ಲ.

"ನಿಲ್ಲಲಿ," ಎಂದರು ಯಜಮಾನರು ಕೊನೆಗೆ. ಅವರ ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಮುಳ್ಳು ನಿಂತ ಮೇಲೆ ನಡೆಸೋಣ. ಅಲ್ಲಿಯವರೆಗೆ ಇವನು ನೀರೆರೆಯಲಿ. ಕಂಡದ್ದನ್ನು ಕಂಡ ಹಾಗೆ ಕೂಗಲಿ."

ಅದಾಗಿ ಹದಿನೇಳು ಮಳೆಗಾಲ ಕಳೆದಿದೆ. ಪ್ರತಿ ಬೆಳಗ್ಗೆ ನೀರೆರೆಯುತ್ತೇನೆ. ಹೊಸ್ತಿಲಿಗೆ ಬಂದು, "ಇವತ್ತೂ ನಿಂತಿಲ್ಲ!" ಎಂದು ಕೂಗುತ್ತೇನೆ. ಊರು ಎದ್ದು, ಎತ್ತ ಬೇಕೋ ಅತ್ತ ಮಲಗಿದ್ದ ಮೈಮುರಿದು, ಹೆದರಿಕೊಂಡೇ ಒಲೆ ಹಚ್ಚುತ್ತದೆ. ಬಾವಿಯವಳು ಬೆಟ್ಟದ ಮೇಲೆ ಹೊಸದಾಗಿ ಆರಿದ ಕಲ್ಲುಗಳಿಗೆ ಗುರುತು ಹಾಕುತ್ತಾಳೆ. ಒಂದೊಂದೂ ಒಂದೊಂದು ಕಡೆ ನೋಡುತ್ತದೆಯಂತೆ. ಕುಂಬಾರಗಿತ್ತಿ ನನ್ನೊಡನೆ ಇನ್ನೂ ಮಾತಾಡಿಲ್ಲ.

ಒಡೆಯ ಬೇಗ ತನ್ನ ಜಾಗ ಸೇರಲಿ ಎಂದು ದಿನವೂ ಬೇಡುತ್ತೇನೆ. ಅವನು ಸೇರಿದ ದಿನ ನಾನು ಬೆಟ್ಟ ಹತ್ತಬೇಕು. ಇದು ತಿಳಿದೇ ಬೇಡುತ್ತೇನೆ. ಬೇಡುವಾಗ ದನಿ ಒಮ್ಮೊಮ್ಮೆ ಸಣ್ಣದಾಗುತ್ತದೆ; ಅವನು ಕ್ಷಮಿಸಲಿ.

ಅಮಾವಾಸ್ಯೆಗೊಮ್ಮೆ ಯಜಮಾನರು ಬಂದು ತಾವೇ ನೋಡುತ್ತಾರೆ. ಈಗ ಬಹಳ ಮುದುಕರಾಗಿದ್ದಾರೆ, ಕೋಲೂರಿಕೊಂಡು ಬರುತ್ತಾರೆ. "ನಿಂತಿತೇನಪ್ಪಾ?" "ಇಲ್ಲ ಯಜಮಾನರೇ." ಬೋಗುಣಿಯ ಮೇಲೆ ಬಾಗಿ ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಉಸಿರು ಬಿಡುತ್ತಾರೆ. "ಸರಿ. ಇನ್ನೊಂದು ತಿಂಗಳು ನೋಡೋಣ."

ಇವತ್ತು ಅಮಾವಾಸ್ಯೆ. ಯಜಮಾನರು ಬಂದು ಪೀಠದ ಬಳಿ ಕೂತಿದ್ದರು. ನೀರೆರೆದೆ. ಮುಳ್ಳು ಸುತ್ತಿತು, ನಿಧಾನವಾಯಿತು. ಎಂದೂ ನೋಡದ ಒಂದು ಮೂಲೆಗೆ, ನನ್ನ ಹಾಸಿಗೆ ಸುತ್ತಿಡುವ ಮೂಲೆಗೆ, ತಲೆಯಿಟ್ಟು ನಿಂತಿತು. ಇಬ್ಬರೂ ಬಾಗಿ ನೋಡಿದೆವು. ನಾನು ಮನಸ್ಸಿನಲ್ಲೇ ಎಣಿಸಿದೆ. ಹತ್ತು. ಹದಿನೈದು. ಇಪ್ಪತ್ತು. ನನ್ನ ಪಾದದ ಹಳೆಯ ಗುಳ್ಳೆಗಳ ಜಾಗ ಸುಡತೊಡಗಿತು. ಹೊರಗೆ ಊರು ಕೂಗಿಗೆ ಕಾಯುತ್ತಿತ್ತು. ಮೂವತ್ತು.

ಯಜಮಾನರು ಕೋಲನ್ನು ಸರಿಮಾಡಿಕೊಂಡರು. ಏಳುವವರಂತೆ ಮುಂದಕ್ಕೆ ಬಾಗಿ, ಮಂಡಿಯಿಂದ ಬೋಗುಣಿಯನ್ನು ಗುದ್ದಿದರು. ನೀರು ತುಳುಕಿತು. ಮುಳ್ಳು ಬೆಚ್ಚಿ ತಿರುಗಿ, ಮತ್ತೆ ಅಲೆಯತೊಡಗಿತು.

"ಅಯ್ಯೋ, ಈ ಹಾಳು ಮಂಡಿ," ಎಂದರು. ನನ್ನ ಮುಖ ನೋಡಲಿಲ್ಲ.

ಕಂಡದ್ದನ್ನು ಕಂಡ ಹಾಗೆ ಕೂಗುವುದು ನನಗೆ ಕಟ್ಟಳೆ. ಹೊಸ್ತಿಲಿಗೆ ಹೋದೆ. ಬೀದಿಯಲ್ಲಿ ಒಂದು ಒಲೆಯೂ ಹೊಗೆಯಾಡುತ್ತಿರಲಿಲ್ಲ. ಮೂರು ಸಲ ಕೂಗಿದೆ: "ಮೂವತ್ತು ಎಣಿಸುವಷ್ಟು ಹೊತ್ತು ನಿಂತಿತ್ತು! ಈಗ ಅಲೆಯುತ್ತಿದೆ!"

ಮನೆಗಳೊಳಗೆ ಯಾರೋ ಅತ್ತರು, ಯಾರೋ ಕೆಮ್ಮಿದರು, ಯಾರೋ ಬಾಗಿಲು ತೆರೆದರು. ನನ್ನ ಹಿಂದೆ ಗುಡಿಯೊಳಗೆ ಯಜಮಾನರು ನೆಲದ ಮೇಲೆ ಕುಳಿತು ಮಂಡಿ ನೀವಿಕೊಳ್ಳುತ್ತಿದ್ದರು. ಆ ಮಂಡಿಯ ಮಾತನ್ನು ಮಾತ್ರ ನಾನು ಕೂಗಲಿಲ್ಲ.